ಅಭಿಮಾನಿ ಕಥನದಲ್ಲಿ ಎಲ್ಫ್ ದಂಪತಿಗಳೂ ದಾಯಾದಿ ವೈರವೂ

ಒಂದು ಕೃತಿಯನ್ನು ಓದಿ ಮೆಚ್ಚಿದವರು ಅದರ ಪಾತ್ರಗಳನ್ನೂ ಲೋಕವನ್ನೂ ಆಧಾರವಾಗಿಟ್ಟುಕೊಂಡು ತಾವೇ ಹೊಸ ಕಥೆಗಳನ್ನು ರಚಿಸುವ ಪದ್ಧತಿಗೆ ಇಂಗ್ಲಿಷಿನಲ್ಲಿ ಫ್ಯಾನ್ ಫಿಕ್ಷನ್ ಎಂದು ಹೆಸರು. ಇದನ್ನು ನಾವು ಇಲ್ಲಿ ‘ಅಭಿಮಾನಿ ಕಥನ’ವೆಂದು ಕರೆಯುತ್ತೇವೆ. ಅಮೆರಿಕದಲ್ಲಿ 1967ರಲ್ಲಿ ‘ಸ್ಟಾರ್ ಟ್ರೆಕ್’ ಅಭಿಮಾನಿಗಳು ಹೊರತಂದ ‘ಸ್ಪಾಕನೇಲಿಯ’ದಂತಹ ಖಾಸಗಿ ಪತ್ರಿಕೆಗಳಿಂದ ಇದಕ್ಕೆ ಇಂದಿನ ರೂಪ ಬರತೊಡಗಿತು. 1992ರಲ್ಲಿ ಹೆನ್ರಿ ಜೆಂಕಿನ್ಸ್ ಮತ್ತು ಕಮಿಲ್ ಬೇಕನ್-ಸ್ಮಿತ್ ಇವರ ಗ್ರಂಥಗಳು ಪ್ರಕಟವಾದ ಮೇಲೆ ವಿಶ್ವವಿದ್ಯಾನಿಲಯಗಳೂ ಇತ್ತ ಗಮನ ಹರಿಸಿದುವು. ಇಂತಹ ಕಥೆಗಳ ಭಂಡಾರವೊಂದಕ್ಕೆ 2019ರಲ್ಲಿ ಹ್ಯೂಗೊ ಪ್ರಶಸ್ತಿ ದೊರೆತುದು ಅದರ ವ್ಯಾಪ್ತಿಗೆ ಸಾಕ್ಷಿಯಾಗಿದೆ. ಆದರೆ ಈ ಲೇಖನದ ಉದ್ದೇಶ ಆ ಚರಿತ್ರೆಯನ್ನು ನಿರೂಪಿಸುವುದಲ್ಲ. ಜೆ. ಆರ್. ಆರ್. ಟೋಲ್ಕಿನ್ ಅವರು ಸೃಷ್ಟಿಸಿದ ಎಲ್ಫ್ ಜನಾಂಗದ ದಂಪತಿಗಳೂ ಅವರ ಮನೆತನಗಳ ಕಲಹವೂ ಇಂತಹ ಕಥನಕ್ಕೆ ಏಕೆ ಅಕ್ಷಯವಾದ ವಸ್ತುವಾಗಿವೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಮೊದಲು ಆಕರಗಳ ಸ್ವರೂಪವನ್ನು ತಿಳಿಯಬೇಕು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಎಲ್ಫರ ಪ್ರಾಚೀನ ಚರಿತ್ರೆಯನ್ನು ಹೇಳುವ ‘ಸಿಲ್ಮರಿಲಿಯನ್’ ಮಾತ್ರ ಗ್ರಂಥಕರ್ತರ ಜೀವಿತಕಾಲದಲ್ಲಿ ಮುಗಿಯಲಿಲ್ಲ. ಅವರು 1973ರಲ್ಲಿ ತೀರಿಕೊಂಡರು. ಮಗ ಕ್ರಿಸ್ಟಫರ್ ಟೋಲ್ಕಿನ್ ಹಸ್ತಪ್ರತಿಗಳನ್ನು ಹೊಂದಿಸಿ ಅದನ್ನು 1977ರಲ್ಲಿ ಪ್ರಕಟಿಸಿದರು. ಅನಂತರ 1980ರಲ್ಲಿ ‘ಅನ್‌ಫಿನಿಶ್ಡ್ ಟೇಲ್ಸ್’ ಎಂಬ ಸಂಕಲನವೂ, 1983ರಿಂದ 1996ರವರೆಗೆ ಹನ್ನೆರಡು ಸಂಪುಟಗಳ ‘ಮಧ್ಯಭೂಮಿಯ ಇತಿಹಾಸ’ವೂ ಬಂದುವು. ಹೀಗೆ ಓದುಗರ ಕೈಗೆ ಸೇರಿದುದು ಒಂದೇ ನಿಶ್ಚಿತ ಪಾಠವಲ್ಲ. ಒಂದನ್ನೊಂದು ತಿದ್ದುವ, ಕೆಲವೊಮ್ಮೆ ಅಲ್ಲಗಳೆಯುವ ಪಾಠಗಳ ರಾಶಿ. ಅಭಿಮಾನಿ ಕಥನದ ಬೀಜ ಈ ಪಾಠಾಂತರಗಳಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ.

ಇನ್ನು ವೈರದ ಮೂಲವನ್ನು ನೋಡೋಣ. ನೋಲ್ದೋರ್ ಎಂಬ ಎಲ್ಫ್ ಪಂಗಡದ ಅರಸ ಫಿನ್ವೆ. ಆತನ ಮೊದಲ ಪತ್ನಿ ಮೀರಿಯೆಲ್, ಫೆಯಾನೋರನನ್ನು ಹೆತ್ತ ಬಳಿಕ ಸತ್ತ್ವವೆಲ್ಲ ಬತ್ತಿದವಳಾಗಿ ದೇಹವನ್ನು ತ್ಯಜಿಸಿದಳು. ಅನಂತರ ಫಿನ್ವೆ ವಾನ್ಯರ್ ಪಂಗಡದ ಇಂದಿಸಳನ್ನು ವರಿಸಿದನು. ಫಿಂಗೊಲ್ಫಿನ್ ಮತ್ತು ಫಿನಾರ್ಫಿನ್ ಇವಳ ಮಕ್ಕಳು. ಮಲತಾಯಿ, ಮಲಸೋದರರು, ರಾಜ್ಯದ ಹಕ್ಕು—ಇಷ್ಟನ್ನು ಕಂಡಾಗ ಇದು ನಮಗೆ ಚಿರಪರಿಚಿತವಾದ ದಾಯಾದಿ ಮತ್ಸರವೆಂದು ತೋರುವುದು ಸಹಜ. ಆದರೆ ಎಲ್ಫರು ಮುಪ್ಪಿನಿಂದ ಸಾಯುವವರಲ್ಲ; ಸತ್ತವರೂ ಮತ್ತೆ ದೇಹಧಾರಿಗಳಾಗಿ ಬರಬಲ್ಲರು. ಅವರಲ್ಲಿ ವಿವಾಹವು ಒಮ್ಮೆ ಮಾತ್ರ, ಮತ್ತು ಲೋಕವಿರುವ ತನಕ. 1993ರಲ್ಲಿ ಪ್ರಕಟವಾದ ‘ಮಾರ್ಗೊತ್ಸ್ ರಿಂಗ್’ ಸಂಪುಟದಲ್ಲಿ ಈ ಧರ್ಮಸೂಕ್ಷ್ಮದ ಚರ್ಚೆ ವಿಸ್ತಾರವಾಗಿ ಬರುತ್ತದೆ. ತಂದೆ ಮರುಮದುವೆಯಾಗಬೇಕಾದರೆ ತಾಯಿ ಮರಳಿ ಬಾರದಿರಬೇಕು. ಆದುದರಿಂದ ಫೆಯಾನೋರನ ಪಾಲಿಗೆ ಇಂದಿಸಳು ಸತ್ತ ತಾಯಿಯ ಸ್ಥಾನಕ್ಕೆ ಬಂದವಳಷ್ಟೇ ಅಲ್ಲ, ತಾಯಿ ಹಿಂದಿರುಗುವ ಬಾಗಿಲನ್ನೇ ಮುಚ್ಚಿದವಳು. ಈ ಭೇದವನ್ನು ಮರೆತರೆ ಆತನ ಕ್ರೋಧ ಬರಿಯ ಹಟವಾಗಿ ಕಾಣುವುದು.

ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಟೋಲ್ಕಿನ್ ಅವರು 1968ರ ಸುಮಾರಿಗೆ ಬರೆದ, 1996ರಲ್ಲಿ ಅಚ್ಚಾದ ಪ್ರಬಂಧವೊಂದರ ಪ್ರಕಾರ ನೋಲ್ದೋರರ ನುಡಿಯಲ್ಲಿ ‘ಥ’ವನ್ನು ಹೋಲುವ ಊಷ್ಮಧ್ವನಿಯೊಂದು ‘ಸ’ ಆಗಿ ಮಾರ್ಪಟ್ಟಿತು. ಮೀರಿಯೆಲಳ ಬಿರುದು ‘ಥೆರಿಂದೆ’. ಹಾಗೆಯೇ ಉಚ್ಚರಿಸಬೇಕೆಂಬುದು ಅವಳ ಇಚ್ಛೆ. ಇಂದಿಸಳಾದರೋ ಗಂಡನ ಮನೆಯ ರೂಢಿಗೆ ಹೊಂದಿಕೊಂಡು ‘ಸ’ಕಾರವನ್ನೇ ಬಳಸಿದಳು. ಸೊಸೆಯಾಗಿ ಬಂದವಳ ಸೌಜನ್ಯವೆಂದು ಇತರರಿಗೆ ಕಂಡುದು ಫೆಯಾನೋರನಿಗೆ ತಾಯಿಯ ತಿರಸ್ಕಾರವಾಗಿ ಕಂಡಿತು. ‘ಥ’ಕಾರವನ್ನು ಉಳಿಸಿಕೊಳ್ಳುವುದು ಆತನ ಪಕ್ಷದ ಚಿಹ್ನೆಯಾಯಿತು. ಒಂದು ವ್ಯಂಜನವು ಒಂದು ಮನೆಯನ್ನು ಎರಡಾಗಿ ಒಡೆದ ಈ ಪ್ರಸಂಗವು, ಉಚ್ಚಾರಣೆಯ ಹಿಂದೆ ಎಷ್ಟು ಅಭಿಮಾನ ಅಡಗಿರಬಲ್ಲುದೆಂಬುದಕ್ಕೆ ನಿದರ್ಶನ.

ಈ ಫೆಯಾನೋರನ ಪತ್ನಿ ನೆರ್ದಾನೆಲ್. ಮಹ್ತಾನ್ ಎಂಬ ಲೋಹಶಿಲ್ಪಿಯ ಮಗಳು. ಸ್ವತಃ ಮೂರ್ತಿಗಳನ್ನು ರೂಪಿಸುತ್ತಿದ್ದ ಕಲಾವಿದೆ. ಏಳು ಗಂಡುಮಕ್ಕಳ ತಾಯಿ. ಗಂಡನಷ್ಟೇ ದೃಢಸಂಕಲ್ಪವುಳ್ಳವಳಾದರೂ ಆತನಿಗಿಂತ ತಾಳ್ಮೆ ಹೆಚ್ಚು. ಆತನ ಮನಸ್ಸನ್ನು ಅಡಗಿಸುವುದಕ್ಕಿಂತ ಅರಿಯುವುದರಲ್ಲಿ ಅವಳಿಗೆ ಆಸಕ್ತಿ. ಮೊದಮೊದಲು ಅವಳ ಮಾತಿಗೆ ಕಿವಿಗೊಡುತ್ತಿದ್ದವನು ಮುಂದೆ ಆ ಅಂಕೆಯನ್ನೂ ಮೀರಿದನು. ಮಲತಮ್ಮನ ಎದೆಗೆ ಕತ್ತಿಯ ಮೊನೆಯಿಟ್ಟ ತಪ್ಪಿಗಾಗಿ ಆತನಿಗೆ ಹನ್ನೆರಡು ವರ್ಷಗಳ ಬಹಿಷ್ಕಾರವಾದಾಗ ನೆರ್ದಾನೆಲ್ ಜೊತೆಯಲ್ಲಿ ಹೋಗಲಿಲ್ಲ. ಮಗಳ ಗಂಡನೆಂದು ಲೋಹವಿದ್ಯೆಯನ್ನೆಲ್ಲ ಧಾರೆಯೆರೆದಿದ್ದ ಮಹ್ತಾನನು, ಅದೇ ವಿದ್ಯೆಯಿಂದ ಖಡ್ಗಗಳು ಹುಟ್ಟಿದುದನ್ನು ಕಂಡು ಪಶ್ಚಾತ್ತಾಪಪಟ್ಟನು. ಸಿಲ್ಮರಿಲ್ ರತ್ನಗಳ ಅಪಹಾರ, ಫಿನ್ವೆಯ ಕೊಲೆ, ಫೆಯಾನೋರನೂ ಮಕ್ಕಳೂ ತೊಟ್ಟ ಘೋರ ಶಪಥ, ಅಲ್ಕ್ವಾಲೊಂದೆಯ ಬಂಧುಹತ್ಯೆ ಇವೆಲ್ಲ ಒಂದರ ಹಿಂದೊಂದು ನಡೆಯುತ್ತವೆ. 1996ರಲ್ಲಿ ಪ್ರಕಟವಾದ ಪಾಠದಲ್ಲಿ, ಕಿರಿಯ ಅವಳಿಮಕ್ಕಳನ್ನು, ಕಡೆಗೆ ಅವರಲ್ಲಿ ಒಬ್ಬನನ್ನಾದರೂ, ತನಗೆ ಬಿಟ್ಟುಹೋಗುವಂತೆ ನೆರ್ದಾನೆಲ್ ಬೇಡುತ್ತಾಳೆ. ಫೆಯಾನೋರ್ ಒಪ್ಪುವುದಿಲ್ಲ. ಆ ಪಾಠದಲ್ಲಿ ತಂದೆಯೇ ಹಚ್ಚಿದ ಹಡಗಿನ ಬೆಂಕಿಯಲ್ಲಿ ಅವಳಿಗಳಲ್ಲೊಬ್ಬನು ಸುಟ್ಟುಹೋಗುತ್ತಾನೆ. 1977ರ ಗ್ರಂಥದಲ್ಲಿಯಾದರೋ ಇಬ್ಬರೂ ಬದುಕಿ ಉಳಿಯುತ್ತಾರೆ.

ಮುದ್ರಿತ ‘ಸಿಲ್ಮರಿಲಿಯನ್’ನಲ್ಲಿ ನೆರ್ದಾನೆಲಳಿಗೆ ಸಂದಿರುವುದು ಕೆಲವೇ ವಾಕ್ಯಗಳು. ಅಭಿಮಾನಿ ಕಥನಕಾರರು ಅವಳನ್ನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವುದಕ್ಕೆ ಈ ಮಿತವಚನವೇ ಕಾರಣ. ಅಂತಹ ಕಥೆಗಳಲ್ಲಿ ಮುಖ್ಯವಾಗಿ ಎರಡು ಮಾರ್ಗಗಳನ್ನು ಗುರುತಿಸಬಹುದು. ಒಂದು, ದಾಂಪತ್ಯದ ಪೂರ್ವಭಾಗವನ್ನು ಚಿತ್ರಿಸುವುದು: ಇಬ್ಬರು ಕುಶಲಕರ್ಮಿಗಳು ಸಮಾನರಾಗಿ ವಾದಿಸಿ, ಸೋತು ಗೆದ್ದು, ಒಲಿದ ಬಗೆ. ಇನ್ನೊಂದು, ಎಲ್ಲರೂ ತೊರೆದುಹೋದ ಮನೆಯಲ್ಲಿ ಉಳಿದ ತಾಯಿಯ ಕಥೆ. ಎರಡರಲ್ಲಿಯೂ ಒಂದೇ ಪ್ರಶ್ನೆ ಹಿನ್ನೆಲೆಯಲ್ಲಿರುತ್ತದೆ—ತಪ್ಪನ್ನು ಕಂಡವಳು ದೂರ ಸರಿದರೆ ಸಾಕೆ, ಅಥವಾ ತಡೆಯಲೇಬೇಕಾಗಿತ್ತೆ?

ಇದಕ್ಕೆ ಪ್ರತಿಯಾಗಿ ನಿಲ್ಲುವ ದಂಪತಿಗಳು ಗಲಾದ್ರಿಯೆಲ್ ಮತ್ತು ಕೆಲೆಬೊರ್ನ್. ಗಲಾದ್ರಿಯೆಲ್ ಫಿನಾರ್ಫಿನನ ಮಗಳು. ತಾಯಿಯ ಕಡೆಯಿಂದ ಅಲ್ಕ್ವಾಲೊಂದೆಯ ಅರಸ ಓಲ್ವೆಯ ಮೊಮ್ಮಗಳು. ಎಂದರೆ ಕೊಂದವರೂ ಕೊಲ್ಲಲ್ಪಟ್ಟವರೂ ಅವಳ ಬಂಧುಗಳೇ. ಮುದ್ರಿತ ಗ್ರಂಥದಂತೆ ಕೆಲೆಬೊರ್ನನು ಓಲ್ವೆಯ ಅಣ್ಣನಾದ ಥಿಂಗೊಲನ ಬಂಧು. ದೋರಿಯಾತ್ ರಾಜ್ಯದಲ್ಲಿ ರಾಣಿ ಮೆಲಿಯಾನ್ ಪ್ರಶ್ನಿಸಿದಾಗ ಗಲಾದ್ರಿಯೆಲ್ ರತ್ನಗಳ ವಿಷಯವನ್ನು ಹೇಳಿ ಬಂಧುಹತ್ಯೆಯನ್ನು ಮರೆಮಾಚಿದಳು. ಸಂಗತಿ ಬಯಲಾದಾಗ ಥಿಂಗೊಲನು ನೋಲ್ದೋರರ ಭಾಷೆಯನ್ನೇ ತನ್ನ ರಾಜ್ಯದಲ್ಲಿ ನಿಷೇಧಿಸಿದನು. ಆ ರಾತ್ರಿ ಕೆಲೆಬೊರ್ನನು ಅವಳಿಗೆ ಏನು ಹೇಳಿದನೆಂಬುದನ್ನು ಮೂಲವು ಹೇಳುವುದಿಲ್ಲ. ಆ ಸಂಭಾಷಣೆಯನ್ನು ಬರೆಯುವುದೇ ಅಭಿಮಾನಿ ಕಥನದ ಕೆಲಸ.

‘ಅನ್‌ಫಿನಿಶ್ಡ್ ಟೇಲ್ಸ್’ನ ಒಂದು ಪಾಠದಲ್ಲಿ ಇವರ ಭಿನ್ನಮತ ಇನ್ನೂ ಸ್ಫುಟವಾಗಿದೆ. ಫೆಯಾನೋರನ ಮೊಮ್ಮಗ ಕೆಲೆಬ್ರಿಂಬೋರನೂ ಶಿಲ್ಪಿಗಳ ಸಂಘವೂ ಎರೆಗಿಯೋನ್ ನಾಡಿನ ಅಧಿಕಾರವನ್ನು ವಶಪಡಿಸಿಕೊಂಡಾಗ, ಗಲಾದ್ರಿಯೆಲ್ ಕುಬ್ಜರ ಕಾಜದ್-ದೂಮ್ ನಗರವನ್ನು ಹಾದು ಲೋರಿಯೆನ್ನಿಗೆ ಹೋಗುತ್ತಾಳೆ. ಕೆಲೆಬೊರ್ನನು ಕುಬ್ಜರ ಮನೆಗೆ ಕಾಲಿಡಲೊಲ್ಲದೆ ಹಿಂದೆಯೇ ನಿಲ್ಲುತ್ತಾನೆ. ದೋರಿಯಾತನ್ನು ಸೂರೆಗೊಂಡವರು ಕುಬ್ಜರೆಂಬ ನೆನಪು ಆತನದು. ಹೀಗೆ ಅಗಲಿಯೂ ಇವರ ದಾಂಪತ್ಯ ಮುರಿಯಲಿಲ್ಲ, ನೆರ್ದಾನೆಲ್-ಫೆಯಾನೋರರದು ಮುರಿಯಿತು. ಭೇದವಿರುವುದು ಇಚ್ಛಾಶಕ್ತಿಯ ಪ್ರಮಾಣದಲ್ಲಲ್ಲ. ಎದುರಿನವರ ಇಚ್ಛೆಗೂ ಸ್ಥಾನವುಂಟೆಂದು ಒಪ್ಪುವುದರಲ್ಲಿ.

ಮೂಲದ ಮೌನಕ್ಕೆ ಇನ್ನೂ ಉದಾಹರಣೆಗಳನ್ನು ಕೊಡಬಹುದು. ‘ಸಿಲ್ಮರಿಲಿಯನ್’ನಲ್ಲಿ ಕೆಲೆಬ್ರಿಂಬೋರನ ತಾಯಿಗೆ ಹೆಸರಿಲ್ಲ. ಅರಸ ಗಿಲ್-ಗಲಾದನು ಫಿಂಗೊಲ್ಫಿನನ ಮಗ ಫಿಂಗೊನನ ಪುತ್ರನೆಂದು 1977ರಲ್ಲಿ ಅಚ್ಚಾದುದು ತಪ್ಪಾಯಿತೆಂದು ಸಂಪಾದಕರೇ ಮುಂದೆ ಒಪ್ಪಿಕೊಂಡರು. ವಂಶವೃಕ್ಷದ ಒಂದು ಕೊಂಬೆ ಪಲ್ಲಟವಾದರೆ ಕಲಹದ ಪಕ್ಷಗಳೂ ಪಲ್ಲಟವಾಗುತ್ತವೆ. ಆದುದರಿಂದ ಇಲ್ಲಿ ಕಥೆ ಕಟ್ಟುವವನು ಮೊದಲು ಪಾಠಪರಿಷ್ಕರಣೆಯ ಕೆಲಸವನ್ನು ಮಾಡಲೇಬೇಕು: ಯಾವ ಪಾಠ, ಏಕೆ, ಎಂಬುದನ್ನು ನಿಶ್ಚಯಿಸಿಕೊಳ್ಳದೆ ಒಂದು ಹೆಜ್ಜೆಯನ್ನೂ ಇಡಲಾರ.

ಈ ಬರವಣಿಗೆಯಲ್ಲಿ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಪಾತ್ರದ ಮೇಲಿನ ಅಕ್ಕರೆ ಹಲವೊಮ್ಮೆ ಅಪರಾಧವನ್ನು ಮರೆಸುತ್ತದೆ. ಫೆಯಾನೋರನ ಮಕ್ಕಳು ಅಲ್ಕ್ವಾಲೊಂದೆ, ದೋರಿಯಾತ್, ಸಿರಿಯೋನ್ ಎಂಬ ಮೂರು ಕಡೆ ಸ್ವಜನರನ್ನೇ ಕೊಂದವರು. ತಾಯಿಯಿಲ್ಲದ ಹುಡುಗನ ದುಃಖವೆಂದು ತಂದೆಯ ಕೃತ್ಯವನ್ನೂ, ಶಪಥದ ಬಂಧನವೆಂದು ಮಕ್ಕಳ ಕೃತ್ಯವನ್ನೂ ಮನ್ನಿಸಿಬಿಟ್ಟರೆ ಸತ್ತವರ ಪಕ್ಷ ವಹಿಸುವವರು ಯಾರು? ಕಾರಣವನ್ನು ತಿಳಿಸುವುದು ಬೇರೆ, ಕ್ಷಮಿಸುವುದು ಬೇರೆ. ಉತ್ತಮ ಕಥನವು ಮೊದಲನೆಯದನ್ನು ಪೂರ್ತಿಯಾಗಿ ಮಾಡಿ, ಎರಡನೆಯದನ್ನು ಓದುಗನಿಗೆ ಬಿಡುತ್ತದೆ. ಕಳಪೆಯಾದುದು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ತಾನೇ ಮಾಡಿಬಿಡುತ್ತದೆ. ಮೂಲದಲ್ಲಿಯೇ ಇದಕ್ಕೆ ಮಾದರಿಯುಂಟು. ಹಿರಿಯ ಮಗ ಮೈಧ್ರೊಸನನ್ನು ಶತ್ರುವಿನ ಸೆರೆಯಿಂದ ಬಿಡಿಸಿದವನು ವಿರೋಧಪಕ್ಷದ ಫಿಂಗೊನ್. ಮೈಧ್ರೊಸನು ಪಟ್ಟದ ಹಕ್ಕನ್ನು ಫಿಂಗೊಲ್ಫಿನನಿಗೆ ಬಿಟ್ಟುಕೊಟ್ಟನು. ಆದರೂ ಶಪಥ ಆತನನ್ನು ಬಿಡಲಿಲ್ಲ. ಸೌಹಾರ್ದವೂ ಸತ್ಯ, ಅದರ ಸೋಲೂ ಸತ್ಯ.

ಒಟ್ಟಿನಲ್ಲಿ, ಅಭಿಮಾನಿ ಕಥನವು ಮೂಲಕೃತಿಯ ಅಂಚಿನಲ್ಲಿ ಬರೆದ ಒಂದು ಬಗೆಯ ವ್ಯಾಖ್ಯಾನವೆಂದು ನಾವು ಅಭಿಪ್ರಾಯಪಡುತ್ತೇವೆ. ಟೀಕಾಕಾರನು ವಾದದಿಂದ ಮಾಡುವುದನ್ನು ಇದು ಸನ್ನಿವೇಶದಿಂದ ಮಾಡುತ್ತದೆ. ತರಗತಿಯಲ್ಲಿ ಇದನ್ನು ಪ್ರಯೋಗಿಸಿ ನೋಡಬಹುದು. ನೆರ್ದಾನೆಲಳ ಬೇಡಿಕೆಯ ಪ್ರಸಂಗವನ್ನು ಎರಡೂ ಪಾಠಗಳೊಡನೆ ವಿದ್ಯಾರ್ಥಿಗಳ ಮುಂದಿಟ್ಟು, ಅವಳ ಪರವಾಗಿ ಒಂದು ಪುಟವನ್ನೂ ಫೆಯಾನೋರನ ಪರವಾಗಿ ಒಂದು ಪುಟವನ್ನೂ ಬರೆಯಿಸಬೇಕು. ಎರಡನ್ನೂ ನ್ಯಾಯವಾಗಿ ಬರೆಯಬಲ್ಲ ವಿದ್ಯಾರ್ಥಿ ಮೂಲವನ್ನು ಚೆನ್ನಾಗಿ ಓದಿರುವನೆಂದು ತಿಳಿಯಬಹುದು.