ನಿಮಗಿದು ಗೊತ್ತೆ? ಜರ್ಮನಿಯಲ್ಲಿ ಗುರುತು ತೋರದೆ ಸಿಮ್ ಚಾಲನೆಗೊಳ್ಳದು

ಮುಂಗಡ ಹಣ ತುಂಬಿ ಬಳಸುವ ಪ್ರೀಪೇಯ್ಡ್ ಸಿಮ್ ಕಾರ್ಡು ಜರ್ಮನಿಯ ಸೂಪರ್ ಮಾರ್ಕೆಟ್ಟುಗಳಲ್ಲಿಯೂ ಸುಲಭವಾಗಿ ದೊರೆಯುತ್ತದೆಯಾದರೂ, ಭಯೋತ್ಪಾದನೆ ತಡೆಗಾಗಿ 2016ರಲ್ಲಿ ರೂಪಿಸಿದ ಕಾನೂನಿನ ಫಲವಾಗಿ, 2017ರ ಜುಲೈ 1ರಿಂದ ಕೊಂಡವರ ಗುರುತು ಖಚಿತವಾಗುವವರೆಗೆ ಅದು ಚಾಲನೆಗೊಳ್ಳುವುದಿಲ್ಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ದೃಢೀಕರಿಸಿಕೊಳ್ಳುವ ಕ್ರಮಕ್ಕೆ ‘ಪೋಸ್ಟ್‌ಇಡೆಂಟ್’ ಎಂದು ಹೆಸರು. ವಿಡಿಯೊ ಕರೆಯ ಮೂಲಕವೂ ಈ ಕೆಲಸ ನಡೆಯುತ್ತದೆ.

ತಿಂಗಳ ಕೊನೆಗೆ ಬಿಲ್ಲು ಕಟ್ಟುವ, ಸಾಮಾನ್ಯವಾಗಿ 24 ತಿಂಗಳ ಒಪ್ಪಂದದ ಪೋಸ್ಟ್‌ಪೇಯ್ಡ್ ಸಂಪರ್ಕ ನೀಡುವ ಮುನ್ನ ಕಂಪನಿಗಳು, ಜನರ ಸಾಲ ಮತ್ತು ಪಾವತಿಗಳ ವಿವರ ಸಂಗ್ರಹಿಸುವ, 1927ರಲ್ಲಿ ಬರ್ಲಿನ್‌ನಲ್ಲಿ ಆರಂಭವಾದ ‘ಷೂಫಾ’ ಸಂಸ್ಥೆಯ ದಾಖಲೆಯನ್ನು ಸಾಮಾನ್ಯವಾಗಿ ಪರಿಶೀಲಿಸುತ್ತವೆ. ಆಗತಾನೆ ಬಂದಿಳಿದ ವಿದೇಶಿಯರ ಹೆಸರಿನಲ್ಲಿ ಅಂಥ ದಾಖಲೆಯೇ ಇರುವುದಿಲ್ಲವಾದ್ದರಿಂದ, ಎಷ್ಟೇ ಪ್ರಾಮಾಣಿಕರಾದರೂ ಅವರ ಅರ್ಜಿ ತಿರಸ್ಕೃತವಾಗಬಹುದು. ಇದು ಹೊಸಬರಿಗೆ ನೋವು ತರುವ ಸಂಗತಿಯೇ ಸರಿ. ಆದ್ದರಿಂದ ಮೊದಲ ತಿಂಗಳುಗಳಿಗೆ ಪ್ರೀಪೇಯ್ಡ್ ಸಂಪರ್ಕವೇ ಹೆಚ್ಚು ಸೂಕ್ತ.

ಜರ್ಮನಿಯ ಸಿಮ್ ಹೊಂದಿದವರು ಐರೋಪ್ಯ ಒಕ್ಕೂಟದ ಇತರ ದೇಶಗಳಿಗೆ ಪ್ರಯಾಣಿಸಿದಾಗ, 2017ರ ಜೂನ್ 15ರಿಂದ ಜಾರಿಯಲ್ಲಿರುವ ನಿಯಮದಂತೆ, ನ್ಯಾಯಯುತ ಬಳಕೆಯ ಮಿತಿಯೊಳಗೆ ತಮ್ಮ ಊರಿನ ದರದಲ್ಲೇ ಮಾತನಾಡಬಹುದು. ಒಕ್ಕೂಟಕ್ಕೆ ಸೇರದ ನೆರೆಯ ಸ್ವಿಟ್ಜರ್ಲೆಂಡಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ.

ಜರ್ಮನಿಗೆ ಓದಲು ತೆರಳುವ ಕನ್ನಡಿಗ ವಿದ್ಯಾರ್ಥಿಗಳು, ಭಾರತದ ಬ್ಯಾಂಕುಗಳು ಕಳುಹಿಸುವ ಒಟಿಪಿ, ಅಂದರೆ ಒಮ್ಮೆ ಮಾತ್ರ ಬಳಸಬಹುದಾದ ಗುಪ್ತಸಂಖ್ಯೆ, ಹಳೆಯ ಮೊಬೈಲ್ ಸಂಖ್ಯೆಗೇ ಬರುವುದರಿಂದ, ಊರಿನ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯ ಪಡೆದು, ಕಾಲಕಾಲಕ್ಕೆ ರೀಚಾರ್ಜ್ ಮಾಡಿಸಿ ಅದನ್ನು ಚಾಲನೆಯಲ್ಲಿಟ್ಟುಕೊಳ್ಳುವುದು ಅಗತ್ಯ.