ಒಂದೇ ಚಾವಡಿ, ಎರಡು ಸದ್ದು

ಪುತ್ತೂರು, ಸುಳ್ಯ, ಕಡಬದ ಎಷ್ಟೋ ಹಳೆ ಹಂಚಿನ ಮನೆಗಳಲ್ಲಿ ನಡುಗೋಡೆ ಮಾಡಿನವರೆಗೆ ಏರುವುದಿಲ್ಲ. ಚಾವಡಿಯಲ್ಲಿ ಅಜ್ಜನ ಯಕ್ಷಗಾನ, ಒಳಗೆ ನಿಮ್ಮ ಆಫೀಸ್ ಮೀಟಿಂಗು. ಹೆಡ್‌ಫೋನ್ ಹಾಕಿದರೆ ಅಮ್ಮ ಕರೆದದ್ದೇ ಕೇಳುವುದಿಲ್ಲ.

ಇದಕ್ಕೊಂದು ದಾರಿ ಉಂಟು: ಸಣ್ಣ ಸ್ಪೀಕರುಗಳ ಸಾಲು. ಒಂದೊಂದರ ಸದ್ದನ್ನೂ ಚೂರು ಹಿಂದೆಮುಂದೆ ಮಾಡಿ ಬಿಟ್ಟರೆ, ಅಲೆಗಳು ಅಜ್ಜನ ಕುರ್ಚಿಯ ಬಳಿ ಕೂಡಿಕೊಳ್ಳುತ್ತವೆ. ನಿಮ್ಮ ಮೇಜಿನ ಬಳಿ ಒಂದನ್ನೊಂದು ಅಳಿಸುತ್ತವೆ. ಕೊರಿಯಾದ ಚೋಯ್ ಮತ್ತು ಕಿಮ್ 2002ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು.

ತೊಡಕೂ ಉಂಟು ಮಾರಾಯ್ರೆ. 3,400 ಹರ್ಟ್ಸ್ ಸದ್ದಿನ ಅಲೆ ಸುಮಾರು 10 ಸೆಂಟಿಮೀಟರ್. 100 ಹರ್ಟ್ಸ್‌ನದ್ದು 3.4 ಮೀಟರ್. ಅಷ್ಟುದ್ದದ ಅಲೆ ಗಿಡ್ಡ ಸಾಲಿಗೆ ಬಗ್ಗದು. ಗೋಡೆಯ ಪ್ರತಿಧ್ವನಿಯೂ ಲೆಕ್ಕ ಕೆಡಿಸುತ್ತದೆ.

ಸದ್ಯಕ್ಕೆ ಸ್ಪೀಕರನ್ನು ಕೇಳುವವರ ಹತ್ತಿರವೇ ಇಟ್ಟು ವಾಲ್ಯೂಮ್ ಇಳಿಸಿ. ಅವರಿಗೆ ಕಮ್ಮಿಯಾಗದು, ಉಳಿದವರಿಗೆ ಕಿರಿಕಿರಿ ತಗ್ಗೀತು.