ಹೊಗೆ ಇಳಿದಿದೆ, ಹೊರೆ ಇಳಿದಿಲ್ಲ

ತಂಬಾಕು ಮೂಲತಃ ನಮ್ಮ ನೆಲದ ಬೆಳೆಯಲ್ಲ. ಪೋರ್ಚುಗೀಸರ ಹಡಗುಗಳಲ್ಲಿ ಬಂದ ಈ ಅಮೆರಿಕದ ಎಲೆ 17ನೇ ಶತಮಾನದ ಆರಂಭದ ಹೊತ್ತಿಗೆ ವಿಜಾಪುರವನ್ನು ತಲುಪಿತ್ತು. ಆದಿಲಶಾಹಿ ಆಸ್ಥಾನಕ್ಕೆ ಬಂದಿದ್ದ ಮೊಗಲ್ ರಾಯಭಾರಿ ಅಸದ್ ಬೇಗ್ ಇಲ್ಲಿಂದಲೇ ತಂಬಾಕನ್ನೂ ರತ್ನಖಚಿತ ಕೊಳವೆಯನ್ನೂ ಒಯ್ದು ಅಕ್ಬರನಿಗೆ ಒಪ್ಪಿಸಿದ. ಅಂದು ಅರಮನೆಯ ಬೆರಗಾಗಿದ್ದ ಹೊಗೆ ಇಂದು ಬಹುಮಟ್ಟಿಗೆ ಬಡವರ ಚಟವಾಗಿ ಉಳಿದಿದೆ.

ಧೂಮಪಾನ ಕಡಿಮೆಯಾಗಿರುವುದು ನಿಜ. ಹದಿನೈದು ವರ್ಷ ದಾಟಿದವರನ್ನು ಕುರಿತ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ 2009-10ರಲ್ಲಿ ದೇಶದಲ್ಲಿ ಶೇ. 14ರಷ್ಟಿದ್ದ ಸೇದುವವರ ಪ್ರಮಾಣ 2016-17ಕ್ಕೆ ಶೇ. 10.7ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಅದು ಶೇ. 11.9ರಿಂದ 8.8ಕ್ಕೆ ಬಂತು. ಆದರೆ ಈ ಸರಾಸರಿಯ ಹಿಂದೆ ಅಂತರವೊಂದು ಅಡಗಿದೆ. ಎರಡನೆಯ ಸಮೀಕ್ಷೆಯಲ್ಲಿ ದೇಶದ ಪಟ್ಟಣಗಳಲ್ಲಿ ಸೇದುವವರು ಶೇ. 8.3, ಹಳ್ಳಿಗಳಲ್ಲಿ ಶೇ. 11.9. ಓದಿದವರು ಬೇಗ ಬಿಡುತ್ತಾರೆ. ಶಾಲೆಯ ಮೆಟ್ಟಿಲು ಹತ್ತದವರಲ್ಲಿ ಚಟ ಗಟ್ಟಿಯಾಗಿ ಉಳಿಯುತ್ತದೆ.

ಇದಕ್ಕೆ ಕಾರಣವೇನು? ಧಾರವಾಡ ಜಿಲ್ಲೆಯ ಹಳ್ಳಿಗಳ ದುಡಿಮೆಯನ್ನು ನೋಡಿದರೆ ಉತ್ತರ ಹೊಳೆಯುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳಲ್ಲಾಗಲಿ, ಕಲಘಟಗಿಯ ಭತ್ತದ ಗದ್ದೆಗಳಲ್ಲಾಗಲಿ ಕೂಲಿಯವನಿಗೆ ಬೀಡಿಯೆಂದರೆ ಯಾರೂ ಪ್ರಶ್ನಿಸದ ಬಿಡುವು. ಹಿಂದೆ ಹಿರಿಯರ ಕೈಯಿಂದ ಕೈಗೆ ಸಾಗುತ್ತಿದ್ದ ಚಿಲುಮಿಯ ಜಾಗವನ್ನು ಬೀಡಿ ಹಿಡಿಯಿತು. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿಯೂ ದೂರವಲ್ಲ. ಬೆಲೆಯೂ ಅಗ್ಗ: 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿನ ಮೇಲೆ ಹೆಚ್ಚುವರಿ ಸೆಸ್ ಬಿತ್ತು, ಬೀಡಿಗೆ ಬೀಳಲಿಲ್ಲ. ದೇಶದಲ್ಲಿ ಸಿಗರೇಟು ಸೇದುವವರು ಶೇ. 4ರಷ್ಟಿದ್ದರೆ ಬೀಡಿ ಸೇದುವವರು ಶೇ. 7.7.

ಹೆಂಗಸರಲ್ಲಿ ಸೇದುವವರು ಶೇ. 2 ಮಾತ್ರ ಎಂದು ಸಮಾಧಾನ ಪಡುವಂತಿಲ್ಲ. ಎಲೆ-ಅಡಿಕೆಯ ಸಂಚಿಯಲ್ಲಿ ತಂಬಾಕಿನ ಎಸಳೂ ಇರುತ್ತದೆ. ಮನೆಯ ಗಂಡಸರು ಬಿಟ್ಟ ಹೊಗೆಯೂ ಅವರ ಪಾಲಿಗೆ ಬರುತ್ತದೆ. ರಾಜ್ಯದಲ್ಲಿ ಹೊಗೆರಹಿತ ತಂಬಾಕು ಬಳಸುವವರು ಶೇ. 16.3, ಸೇದುವವರ ಸುಮಾರು ಇಮ್ಮಡಿ. 2013ರಲ್ಲಿ ಗುಟಕಾ ನಿಷೇಧವಾದ ಮೇಲೆ ಪಾನ್ ಮಸಾಲೆ, ತಂಬಾಕು ಬೇರೆ ಬೇರೆ ಚೀಟಿಗಳಲ್ಲಿ ಬಂದವು. ಬೆರೆಸುವ ಕೆಲಸ ಗಿರಾಕಿಯದಾಯಿತು, ಅಷ್ಟೆ.

ಕಾನೂನಿನ ಭಾರವೂ ಎಲ್ಲರ ಮೇಲೆ ಒಂದೇ ಸಮನೆ ಬೀಳುವುದಿಲ್ಲ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಗೆ ವಿಧಿಸುವ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು. ಅದೇ ವರ್ಷ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಅಂದರೆ ಕೂಲಿಕಾರನಿಗೆ ಒಂದು ಬೀಡಿಯ ದಂಡ ಸುಮಾರು ಮೂರು ದಿನದ ದುಡಿಮೆ. ಗಂಟಲಲ್ಲಿ ಗಡ್ಡೆ ಕಂಡರಂತೂ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಅಲೆದಾಟ. ಹೋದ ಪ್ರತಿ ದಿನವೂ ಕೂಲಿ ಖೋತಾ.

ದಂಡ ಬೇಡವೆಂದಲ್ಲ. ದಂಡದ ರಸೀದಿ ತಲುಪುವ ಊರಿಗೆ ಚಟ ಬಿಡಿಸುವ ಸಲಹೆಯೂ ಔಷಧವೂ ತಲುಪಬೇಕು. ಸಂತೆಯ ದಿನ ಬೀಡಿ ಸಿಗುವಷ್ಟು ಸಲೀಸಾಗಿ ಅವು ಸಿಕ್ಕಾಗ ಮಾತ್ರ ಸರಾಸರಿಯ ಇಳಿಕೆ ಹಳ್ಳಿಯ ಇಳಿಕೆಯೂ ಆದೀತು.